ಓರೆ ಗೆರೆ

“ಬೇಡ ಅಂದ್ರೆ ಬೇಡ ಅತ್ತೆ,” ಎಂದು ಹುಡುಗಿ ತೋಳು ಮಡಚಿ ಎದೆಗೊತ್ತಿಕೊಂಡಳು.

ಅತ್ತೆ ಎಂದರೆ ನಂಟಿನ ಅತ್ತೆಯಲ್ಲ, ರಕ್ತನಿಧಿಯ ಲ್ಯಾಬಿನವಳು. ಕೂಸಾಗಿದ್ದಾಗಿನಿಂದ ತಿಂಗಳು ತಿಂಗಳೂ ಬೇರೆಯವರ ರಕ್ತ ಪಡೆದೇ ಬೆಳೆದ ಹುಡುಗಿ, ಮಾತು ಬಂದ ಹೊಸತರಲ್ಲೇ ಅವಳಿಗೆ ‘ಸೂಜಿ ಅತ್ತೆ’ ಎಂದು ಹೆಸರಿಟ್ಟಿದ್ದಳು. ಈಗ ಹುಡುಗಿ ದರ್ಜಿ. ದಿನವಿಡೀ ಅವಳ ಕೈಯಲ್ಲೂ ಸೂಜಿಯೇ.

“ಮುಖ ನೋಡ್ಕೋ, ಸುಣ್ಣ ಬಳಿದ ಹಾಗಿದೆ. ಮೆಟ್ಟಿಲು ಹತ್ತೋವಾಗ ಎಷ್ಟು ಸಲ ಕೂತೆ?”

“ಎರಡೇ ಸಲ. ಅತ್ತೆ, ಅಪ್ಪ ರಕ್ತ ಕೊಟ್ಟು ನಲವತ್ತು ದಿನ ಆಯ್ತು. ರಕ್ತದ ಕಣ ನೂರಿಪ್ಪತ್ತು ದಿನ ಇರುತ್ತೆ ಅಂತ ನೀವೇ ಹೇಳಿದ್ದು. ಅಂದ್ರೆ ಇನ್ನೂ ಎಂಬತ್ತು ದಿನ ಅಪ್ಪ ನನ್ನೊಳಗಿರ್ತಾರೆ. ಹೊಸದು ಹಾಕಿದ್ರೆ ಆ ಸಂತೇಲಿ ಅವರು ಕಳೆದುಹೋಗ್ತಾರೆ.”

ಅಂಚೆಯವನಾಗಿದ್ದ ಅಪ್ಪ, ಮಗಳಿಗೆ ರಕ್ತ ಕೊಟ್ಟ ಹದಿನೈದು ದಿನಕ್ಕೆ ಎದೆನೋವು ಬಂದು ಹೋಗಿಬಿಟ್ಟಿದ್ದ. ಬೈಯಲು ಬಾಯಿ ತೆರೆದ ಅತ್ತೆ, ಅದನ್ನು ಬಿಟ್ಟು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತಳು.

ಮೊದಲೇ ಹುಡುಗಿಯ ಮೈ ಸಿಕ್ಕಿದ ರಕ್ತಕ್ಕೆಲ್ಲ ಒಗ್ಗುತ್ತಿರಲಿಲ್ಲ. ಗಾಜಿನ ಕೊಳವೆಯಲ್ಲಿ ಪರೀಕ್ಷಿಸಿದರೆ ಅರ್ಧ ಗರಣೆ ಕಟ್ಟುತ್ತಿತ್ತು, ಅರ್ಧ ಇಲ್ಲ. ಅವಳ ಕಣ ಯಾವುದು, ಕೊಟ್ಟವರದು ಯಾವುದು, ದೇವರೇ ಬಲ್ಲ. ಅದಕ್ಕೇ ಅತ್ತೆ ಹೋದ ವಾರ ಅವಳ ಕೆನ್ನೆಯ ಒಳಗೆ ಹತ್ತಿ ಸವರಿ, ವಂಶವಾಹಿಯನ್ನೇ ಕೇಳಿ ನೋಡಿದ್ದಳು. ತಾಳೆ ನೋಡಲು ತಾಯಿಯದನ್ನೂ ಪರೀಕ್ಷಿಸಿದ್ದಳು. ಹುಡುಗಿಗೆ ಸರಿಹೊಂದುವ ರಕ್ತ ಸಿಕ್ಕಿ, ಚೀಲ ಪಕ್ಕದ ಕೋಣೆಯಲ್ಲಿ ಕಾದಿತ್ತು.

ಅತ್ತೆ ಖಾನೆಯಿಂದ ಆ ಪರೀಕ್ಷೆಯ ಫೋಟೋ ತೆಗೆದಳು. ಕಪ್ಪು ಹಾಳೆಯ ಮೇಲೆ ಕೆಲವು ಬಿಳಿ ಗೆರೆಗಳು.

“ಇದು ನಿನ್ನ ಸಾಲು, ಪಕ್ಕದ್ದು ಅಮ್ಮಂದು. ಮೇಲಿನ ಗೆರೆ ಇಬ್ಬರಲ್ಲೂ ಇದೆ. ಕೆಳಗಿಂದು ಅಮ್ಮನಲ್ಲಿ ಇಲ್ಲ.”

“ಮತ್ತೆ ನನಗೆ ಎಲ್ಲಿಂದ ಬಂತು?”

“ಇನ್ನೆಲ್ಲಿಂದ ಬರುತ್ತೆ ಪೆದ್ದಿ? ಚೀಲದಲ್ಲಿ ಕೊಟ್ಟ ರಕ್ತಕ್ಕೆ ನಾಲ್ಕು ತಿಂಗಳು. ಇದು ನಿಮ್ಮಪ್ಪ ನೀನು ಹುಟ್ಟೋಕೆ ಮುಂಚೇನೇ ಕೊಟ್ಟಿದ್ದು. ಊರವರ ರಕ್ತವೆಲ್ಲ ಹಾಕಿದ್ರೂ ಅಳಿಸಲ್ಲ. ನೀನಿರೋವರೆಗೂ ಇರುತ್ತೆ. ಅದಕ್ಕೆ, ಮೊದಲು ನೀನಿರಬೇಕು.”

ಹುಡುಗಿ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಕೆಳಗಿನ ಗೆರೆ ನೆಟ್ಟಗಿರಲಿಲ್ಲ. ಬಲಕ್ಕೆ ಒಂಚೂರು ವಾಲಿತ್ತು.

“ಗೆರೆ ಮೂಡಿಸೋ ಜೆಲ್ ಸಮನಾಗಿ ಹೆಪ್ಪುಗಟ್ಟಲಿಲ್ಲ, ಅದಕ್ಕೇ ಓರೆಯಾಗಿದೆ,” ಎಂದು ಅತ್ತೆ ಸಮಜಾಯಿಷಿ ಕೊಟ್ಟಳು.

“ಇಲ್ಲ ಅತ್ತೆ. ಅಂಚೆ ಚೀಲ ಹೊತ್ತೂ ಹೊತ್ತೂ ಅಪ್ಪ ನಿಲ್ತಿದ್ದದ್ದೇ ಹೀಗೆ,” ಎನ್ನುತ್ತ ಹುಡುಗಿ ತೋಳು ಚಾಚಿದಳು.