ಮೂರನೆಯ ಪರೀಕ್ಷೆ

ಮೂರನೆಯ ಸಲ ಪರೀಕ್ಷಿಸಿದಾಗಲೂ ಶಾಲೆಯ ಬಾವಿನೀರಿನಲ್ಲಿ ಸೀಸದ ಪ್ರಮಾಣ ಅಷ್ಟೇ ಇತ್ತು, ಮಿತಿಗಿಂತ ಎಷ್ಟೋ ಹೆಚ್ಚು. ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದ ಅಣ್ಣ, ನೀರು ಪರೀಕ್ಷಿಸುತ್ತಿದ್ದ ತಂಗಿಯ ಮುಖ ನೋಡಿಯೇ ಅರ್ಥಮಾಡಿಕೊಂಡ. ಶಾಲೆಯ ಪಕ್ಕದ ಬ್ಯಾಟರಿ ಕಾರ್ಖಾನೆಗೆ ಅವನೇ ಮ್ಯಾನೇಜರ್.

“ಪುಟ್ಟಿ, ಪಾಯಿಂಟ್ ಆದ್ಮೇಲೆ ಒಂದು ಸೊನ್ನೆ ಸೇರಿಸಿಬಿಡು, ನಿನ್ನ ಗಂಟೇನು ಹೋಗುತ್ತೆ? ಕಾರ್ಖಾನೆ ಮುಚ್ಚಿದ್ರೆ ನಾನು ಬೀದಿಗೆ ಬೀಳ್ತೀನಿ. ಅಪ್ಪ ಹೋದ್ಮೇಲೆ ನಿನ್ನ ಓದಿಸಿದ್ದು ಯಾರು?”

“ನೀನೇ ಅಣ್ಣ. ಯಾರು ಏನೇ ಹೇಳಲಿ, ಯೇಸುವಿನ ಮಾತೇ ಮೊದಲು ಅಂತ ದಿನಾ ಪ್ರಾರ್ಥನೆಗೆ ಕೂರಿಸಿ ಕಲಿಸಿದ್ದೂ ನೀನೇ.”

ಅವಳು ಕಂಡ ಅಂಕಿಯನ್ನೇ ವರದಿಯಲ್ಲಿ ಬರೆದು ಸಹಿ ಮಾಡಿದಳು. ಅಣ್ಣ ಮೆಲ್ಲನೆ ಅವಳ ಬೆರಳುಗಳಿಂದ ಪೆನ್ನು ಬಿಡಿಸಿಕೊಂಡ. ಅವಳು ಪಾಸಾದ ದಿನ ಅವನೇ ಕೊಟ್ಟಿದ್ದ ಪೆನ್ನು. ಅದಕ್ಕೆ ಕ್ಯಾಪ್ ಹಾಕಿ ತನ್ನ ಜೇಬಿಗೆ ಸಿಕ್ಕಿಸಿಕೊಂಡ.

“ಬರ್ತೀನಿ, ಮೇಡಂ” ಎಂದ.