ದೃಷ್ಟಿಬೊಟ್ಟು

"ಇದ್ರಲ್ಲಿ ಸ್ಟೆಬಿಲೈಸೇಶನ್ ಇದೆ ಸಾರ್, ಕೈ ನಡುಗಿದ್ರೂ ಫೋಟೊ ಅಲುಗಲ್ಲ," ಎಂದ ಲೆನ್ಸ್ ಅಂಗಡಿಯವನು.

ನಲವತ್ತು ವರ್ಷದಿಂದ ಮದುವೆಗಳ ಫೋಟೊ ತೆಗೆಯುತ್ತಿದ್ದ ಅವರಿಗೆ ರೇಗಿತು. "ಅದೆಲ್ಲ ಕೈ ನಡುಗೋರಿಗಪ್ಪ. ನನಗ್ಯಾಕೆ?"

"ಹೌದೌದು. ಬೆಳಿಗ್ಗೆ ಕಾಫಿ ಅರ್ಧ ಇವರು ಕುಡಿದ್ರು, ಇನ್ನರ್ಧ ಇವರ ಪಂಚೆ ಕುಡೀತು," ಎಂದಳು ಜೊತೆಗೆ ಬಂದಿದ್ದ ಹೆಂಡತಿ.

ಬಾಯಲ್ಲಿ ಬೇಡವೆಂದರೂ ಅವರು ಕೊಂಡದ್ದು ಆ ಲೆನ್ಸನ್ನೇ. ಆದರೆ ಅವಳ ಕಣ್ಣೆದುರೇ ಸ್ಟೆಬಿಲೈಸೇಶನ್ನಿನ ಸ್ವಿಚ್ಚನ್ನು ಆಫ್ ಮಾಡಿ, "ಇದು ಹೀಗೇ ಇರ್ಬೇಕು" ಎಂದರು.

ಮನೆಗೆ ಬಂದು ಅವರು ಸ್ನಾನಕ್ಕೆ ಹೋದದ್ದೇ ತಡ, ಅವಳು ಸ್ವಿಚ್ಚನ್ನು ಆನ್ ಮಾಡಿ, ಅದು ಕಾಣದಂತೆ ಮೇಲೊಂದು ದೊಡ್ಡ ಕರಿ ಸ್ಟಿಕ್ಕರ್ ಬೊಟ್ಟು ಅಂಟಿಸಿದಳು.

"ಇದೇನೇ ಇದು?"

"ಹೊಸ ಲೆನ್ಸಲ್ವಾ ರೀ, ದೃಷ್ಟಿ ಆಗ್ಬಾರ್ದು. ಕೀಳ್ಬೇಡಿ."

ಆ ವರ್ಷ ಒಂದು ಫೋಟೊವೂ ಅಲುಗಲಿಲ್ಲ. "ನೋಡಿದ್ಯಾ ನನ್ನ ಕೈ!" ಎಂದು ಪ್ರತಿ ಆಲ್ಬಮ್ ತೋರಿಸುವಾಗಲೂ ಅವರು ಮೀಸೆ ತಿರುವಿದರು. ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಒಂದು ದಿನ ಮದುವೆಗೆಂದು ಹೊರಟವರು ಬಾಗಿಲಿನಿಂದ ಹಿಂದಿರುಗಿ, ಅವಳ ಮುಂದೆ ಲೆನ್ಸ್ ಚಾಚಿದರು.

"ಬೊಟ್ಟು ಬಿದ್ದೋಗಿದೆ ಕಣೇ, ಬೇರೆ ಅಂಟಿಸು. ಹೋದ್ಸಲದ ಹಾಗೇ, ಸ್ವಿಚ್ ಆನ್ ಮಾಡಿ ಅಂಟಿಸು."