ಕರೆಯದೆ ದಾಟಿದ ಸೇತುವೆ

ಸೇತುವೆ ದಾಟಿದ ಮೇಲೆ ಬೀಹ್ವಾಗೆ ನೆನಪಾಯಿತು: ಅಣ್ಣನನ್ನು ಕರೆದಿರಲಿಲ್ಲ. ಅವಳು ಗಕ್ಕನೆ ಬ್ರೇಕ್ ಹಿಡಿದಳು. ಮುಂದಿದ್ದ ಅಪ್ಪನ ಸೈಕಲ್ಲೂ ನಿಂತಿತು. ಅದರ ಕ್ಯಾರಿಯರಿನಲ್ಲಿ ಸುತ್ತಿಟ್ಟ ಡೇರೆಗೆ ಅಣ್ಣನ ಹಳದಿ ಅಂಗಿ ಬಿಗಿದಿತ್ತು. ಕಡಲಂಚಿನಲ್ಲೇ ಮಲಗಿ ಏಳುತ್ತ ತೈವಾನನ್ನು ಒಂದು ಸುತ್ತು ಹಾಕಬೇಕೆಂದು ಅಣ್ಣನೇ ಕೊಂಡಿದ್ದ ಡೇರೆ ಅದು.

"ಲಾರಿ ಮೈಮೇಲೇ ಬಂದಂಗಾಯ್ತಪ್ಪ. ಹೆದರಿ ಮರ್ತೇಬಿಟ್ಟೆ."

ಸತ್ತವರಿಗೆ ನೀರು ದಾಟುವ ದಾರಿ ತಿಳಿಯದು. ಹೆಸರು ಹಿಡಿದು ಕರೆಯದಿದ್ದರೆ ಆಚೆಯೇ ಉಳಿದುಬಿಡುತ್ತಾರೆ. ಇಲ್ಲಿಯವರೆಗೆ ಪ್ರತಿ ಸೇತುವೆಯಲ್ಲೂ ಅವಳೇ ಕರೆದಿದ್ದಳು. ಅಪ್ಪ ತುಟಿ ಬಿಚ್ಚಿರಲಿಲ್ಲ. ಕಿರಿಯರು ಸತ್ತರೆ ಹಿರಿಯರು ಬೀಳ್ಕೊಡುವಂತಿಲ್ಲ ಎಂಬುದು ಅವರ ಕಡೆಯ ಕಟ್ಟಳೆ. ಮಗನ ಶವದ ಹಿಂದೆಯೂ ಅವನು ಹೆಜ್ಜೆ ಹಾಕಿರಲಿಲ್ಲ.

"ಅಂಗಿ ಕೊಡಿ, ಕರ್ಕೊಂಡು ಬರ್ತೀನಿ."

"ನೀನು ಇಲ್ಲೇ ಇರು," ಎಂದ ಅಪ್ಪ ಸೈಕಲ್ ತಿರುಗಿಸಿದ.

ಆಚೆ ತುದಿಯಲ್ಲಿ ಇಳಿದ. ಆಮೇಲೆ ಅವನ ಗದರಿಕೆ ಚಿಕ್ಕ ಸೇತುವೆಯ ಉದ್ದಕ್ಕೂ ಕೇಳಿಸಿತು: "ಲೋ ದೇಶೆಂಗ್, ಎಷ್ಟೊತ್ತು ನಿಂತಿರ್ತೀಯೋ? ಸೇತುವೆ ಕಣೋ. ಅಪ್ಪ ಇದ್ದೀನಿ, ಬಾ."

ಬರುವಾಗ ಅವನು ಸೈಕಲ್ ಹತ್ತಲಿಲ್ಲ. ಲಾರಿಗಳ ಕಡೆ ತಾನಿದ್ದು, ಕಡಲಿನ ಕಡೆ ಇನ್ನೊಬ್ಬರಿಗೆ ಜಾಗ ಬಿಟ್ಟು, ನಿಧಾನವಾಗಿ ತಳ್ಳಿಕೊಂಡು ಬಂದ.